ಹತ್ತು ಡಾಲರ್ ಸೋತ ವಾನ್ ನ್ಯೂಮನ್

ಜಾನ್ ವಾನ್ ನ್ಯೂಮನ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಬ್ಲಾಕ್ ಡಯಾಗ್ರಾಂ. ಒಂದು ಬಾಕ್ಸ್‌ನಲ್ಲಿ ಮೆಮೊರಿ, ಇನ್ನೊಂದರಲ್ಲಿ ಸಿಪಿಯು, ನಡುವೆ ಬಾಣಗಳು. ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸಿಗೆ ಬರುತ್ತೆ, ಬರೀತೀವಿ, ಮುಗೀತು. ಆ ಹೆಸರಿನ ಮನುಷ್ಯ ಇಸ್ಪೀಟು ಆಡ್ತಿದ್ರು, ಸೋಲ್ತಾನೂ ಇದ್ರು, ಮತ್ತೆ ಇಸ್ಪೀಟಿನಲ್ಲಿ ಸುಳ್ಳು ಹೇಳೋದಕ್ಕೆ ಗಣಿತ ಬರೆದ ಮೊದಲಿಗರಲ್ಲಿ ಒಬ್ಬರು ಅನ್ನೋದು ಸಿಲಬಸ್‌ನಲ್ಲಿ ಇಲ್ಲ.

ನಮಗೆ ಅವರ ಪರಿಚಯ ಆಗಿದ್ದು ಒಂದು ಹಾಸ್ಟೆಲ್ ಜಗಳದಿಂದ. ನಾವು ಮೂವರು, ಕಡೂರಿನವರೊಬ್ಬರು, ತರೀಕೆರೆಯವರೊಬ್ಬರು, ಅಜ್ಜಂಪುರದವರೊಬ್ಬರು. ನಮ್ಮ ಕಡೆ ಯುಗಾದಿ ಮಾರನೇ ದಿನ ಊರವರು ಅರಳಿಕಟ್ಟೆ ಮೇಲೆ ಕೂತು ಎಲೆ ಹಾಕೋದು ನೋಡಿಕೊಂಡೇ ಬೆಳೆದಿದ್ದೀವಿ, ಹಾಗಾಗಿ ಫೋನಿನಲ್ಲಿ ಪೋಕರ್ ಬಂದಾಗ ಅದು ಪೂರ್ತಿ ಹೊಸದು ಅನ್ನಿಸಲಿಲ್ಲ. ಜಗಳ ಏನಂದ್ರೆ ಇದು. ಒಂದು ರೂಪಾಯಿ, ಎರಡು ರೂಪಾಯಿ ಟೇಬಲ್. ಮಧ್ಯದಲ್ಲಿ ಸೇರಿರೋದು ಬರೀ 20 ರೂಪಾಯಿ. ಎದುರಿಗಿರೋನು ಇದ್ದಕ್ಕಿದ್ದ ಹಾಗೆ ತನ್ನ ಹತ್ತಿರ ಇರೋ 200ನ್ನೂ ಒಂದೇ ಸಲ ತಳ್ಳಿಬಿಡ್ತಾನೆ. ಆಲ್-ಇನ್. ನಿಮ್ಮ ಕೈಯಲ್ಲಿರೋ ಎಲೆ ಕೆಟ್ಟದ್ದೇನಲ್ಲ, ಆದ್ರೆ ಅಂಥಾ ಒಳ್ಳೇದೂ ಅಲ್ಲ. ಏನು ಮಾಡಬೇಕು?

ನಮ್ಮ ವಿಂಗ್‌ನಲ್ಲಿ ಎಲ್ಲರ ಉತ್ತರ ಒಂದೇ. ಅವನು ಸುಳ್ಳು ಹೇಳ್ತಿದ್ದಾನೆ, 20 ರೂಪಾಯಿಗೆ ಯಾರಾದ್ರೂ 200 ಇಡ್ತಾರಾ, ಕಾಲ್ ಮಾಡು. ಇಲ್ಲದಿದ್ರೆ ಹೆದರಿದ ಅನ್ನೋ ಹೆಸರು.

ಒಂದು ವಿಷಯ ಇಲ್ಲೇ ಹೇಳಿಬಿಡೋಣ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ತಡೆಯೋಕೆ ಹೋಗಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡ್ತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಪಾಸ್ ಮಾಡಿ ದೇಶದಾದ್ಯಂತ ನಿಷೇಧ ತಂತು. ಈಗ ನಮ್ಮ ರೂಮಿನಲ್ಲಿ ನಡೆಯೋ ಆಟಕ್ಕೆ ಚಿಪ್ಸ್ ಅಂದ್ರೆ ಹುಣಸೆ ಬೀಜ. ದುಡ್ಡು ಹೋಯ್ತು, ಪ್ರಶ್ನೆ ಮಾತ್ರ ಉಳೀತು. ಅದರ ಉತ್ತರ ಹುಡುಕ್ತಾ ಹೋದಾಗ ಸಿಕ್ಕವರು ವಾನ್ ನ್ಯೂಮನ್.

ಅವರು ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಬುಡಾಪೆಸ್ಟ್‌ನಲ್ಲಿ. ಯಹೂದಿ ಮನೆತನ, ಅನುಕೂಲಸ್ಥರು. ಅಪ್ಪ ಮಿಕ್ಷಾ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಮೂವರು ಗಂಡುಮಕ್ಕಳಲ್ಲಿ ಇವರೇ ದೊಡ್ಡವರು, ಮನೆಯಲ್ಲಿ ಕರೆಯೋ ಹೆಸರು ಯಾಂಚಿ. 1913ರಲ್ಲಿ ರಾಜ ಅಪ್ಪನಿಗೆ ಒಂದು ಬಿರುದು ಕೊಟ್ಟ, ಹೆಸರಿಗೆ 'ವಾನ್' ಸೇರಿಕೊಂಡಿದ್ದು ಆಗ. ಆರು ವರ್ಷಕ್ಕೇ ಎಂಟಂಕಿಯ ಸಂಖ್ಯೆಗಳನ್ನ ಮನಸ್ಸಿನಲ್ಲೇ ಭಾಗಿಸ್ತಿದ್ದ, ಅಪ್ಪನ ಜೊತೆ ಹಳೇ ಗ್ರೀಕ್‌ನಲ್ಲಿ ತಮಾಷೆ ಮಾಡ್ತಿದ್ದ ಅಂತೆಲ್ಲ ಕಥೆಗಳಿವೆ. ಇಂಥ ಕಥೆಗಳು ಎಲ್ಲಾ ಜೀನಿಯಸ್‌ಗಳ ಬಗ್ಗೆಯೂ ಇರುತ್ತವೆ, ಅರ್ಧ ನಂಬಿದ್ರೆ ಸಾಕು. ಅರ್ಧ ನಂಬಿದ್ರೂ ನಮ್ಮ ಗತಿ ಏನು ಅನ್ನೋದು ಬೇರೆ ಮಾತು.

ನಮಗೆ ಹೆಚ್ಚು ಹತ್ತಿರ ಅನ್ನಿಸಿದ್ದು ಮುಂದಿನ ಭಾಗ. ಹುಡುಗನಿಗೆ ಗಣಿತ ಬೇಕು. ಅಪ್ಪನಿಗೆ ಗಣಿತದಲ್ಲಿ ದುಡ್ಡಿಲ್ಲ ಅನ್ನೋ ಚಿಂತೆ. ಹೀಗಾಗಿ ಅಪ್ಪ ಪರಿಚಯದ ಒಬ್ಬ ಇಂಜಿನಿಯರ್‌ನ ಕರೆದು, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ ಅಂತ ಕೇಳಿಕೊಂಡರು. ಆ ಇಂಜಿನಿಯರ್ ಯಾರು ಅಂದ್ರೆ ಥಿಯೋಡರ್ ವಾನ್ ಕಾರ್ಮನ್, ನಮ್ಮ ಮೆಕ್ಯಾನಿಕಲ್‌ನವರು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದೋ ಕಾರ್ಮನ್ ವೋರ್ಟೆಕ್ಸ್ ಸ್ಟ್ರೀಟ್‌ನವರೇ. ಕೊನೆಗೆ ಒಂದು ರಾಜಿ ಆಯ್ತು, ಕೆಮಿಕಲ್ ಇಂಜಿನಿಯರಿಂಗ್. ಸಿಇಟಿ ಆಪ್ಷನ್ ಎಂಟ್ರಿ ಮಾಡೋವಾಗ ನಮ್ಮ ಮನೆಗಳಲ್ಲಿ ನಡೆದ ಮಾತುಕತೆಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ, ನೂರು ವರ್ಷದ ಅಂತರ ಅಷ್ಟೇ.

ಆದ್ರೆ ಹುಡುಗ ಸುಮ್ಮನೆ ಒಪ್ಪಿಕೊಂಡು ಕೂರಲಿಲ್ಲ. ಕೆಮಿಸ್ಟ್ರಿ ಓದೋಕೆ ಮೊದಲು ಬರ್ಲಿನ್‌ಗೆ, ಆಮೇಲೆ ಜ್ಯೂರಿಕ್‌ನ ಇಟಿಎಚ್‌ಗೆ ಹೋದ. ಅದೇ ಸಮಯಕ್ಕೆ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೂ ಹೆಸರು ಬರೆಸಿದ್ದ. ಅಲ್ಲಿ ಕ್ಲಾಸಿಗೆ ಹೋಗ್ತಿರಲಿಲ್ಲ, ಪರೀಕ್ಷೆಗೆ ಮಾತ್ರ ಬಂದು ಬರೆದು ಹೋಗ್ತಿದ್ದ. ಅಟೆಂಡೆನ್ಸ್ ಶಾರ್ಟೇಜ್ ಅಂತ ಲಿಸ್ಟ್ ಹಾಕೋರು ಅಲ್ಲಿ ಇರಲಿಲ್ಲ ಅಂತ ಕಾಣುತ್ತೆ. 1926ರಲ್ಲಿ ಎರಡೂ ಕೈಗೆ ಬಂದವು, ಜ್ಯೂರಿಕ್‌ನಿಂದ ಕೆಮಿಕಲ್ ಇಂಜಿನಿಯರಿಂಗ್ ಡಿಪ್ಲೊಮಾ, ಬುಡಾಪೆಸ್ಟ್‌ನಿಂದ ಗಣಿತದ ಡಾಕ್ಟರೇಟ್.

ಅದೇ ವರ್ಷದ ಡಿಸೆಂಬರ್‌ನಲ್ಲಿ, ಇನ್ನೂ 23 ತುಂಬದ ಈ ಹುಡುಗ ಜರ್ಮನಿಯ ಗಾಟಿಂಗನ್‌ನಲ್ಲಿ ಗಣಿತಜ್ಞರ ಮುಂದೆ ನಿಂತು ಆಟಗಳ ಬಗ್ಗೆ ಒಂದು ಭಾಷಣ ಮಾಡಿದ. 1928ರಲ್ಲಿ ಅದು ಪೇಪರ್ ಆಗಿ ಪ್ರಕಟವಾಯ್ತು. ಅದರೊಳಗಿನ ಪ್ರಮೇಯಕ್ಕೆ ಈಗ ಮಿನಿಮ್ಯಾಕ್ಸ್ ಅಂತ ಹೆಸರು.

ಅದನ್ನ ನಮಗೆ ಅರ್ಥವಾದ ಹಾಗೆ ಹೇಳ್ತೀವಿ. ಕಲ್ಲು-ಪೇಪರ್-ಕತ್ತರಿ ಆಡ್ತಿದ್ದೀರಿ. ನೀವು ಯಾವಾಗಲೂ ಕಲ್ಲೇ ಹಾಕಿದ್ರೆ ಎದುರಿನವನು ಎರಡೇ ನಿಮಿಷದಲ್ಲಿ ಕಂಡುಹಿಡೀತಾನೆ. ಮೂರನ್ನೂ ಗುರುತು ಸಿಗದ ಹಾಗೆ ಸಮವಾಗಿ ಬೆರೆಸಿ ಹಾಕಿದ್ರೆ, ಎದುರಿಗೆ ಎಂಥಾ ಬುದ್ಧಿವಂತ ಇದ್ರೂ ಸರಾಸರಿಯಲ್ಲಿ ನಿಮ್ಮನ್ನ ಸೋಲಿಸೋಕೆ ಆಗಲ್ಲ. ನಿಮ್ಮ ಪ್ಲ್ಯಾನ್ ಅವನಿಗೆ ಮೊದಲೇ ಗೊತ್ತಿದ್ರೂ ಆಗಲ್ಲ. ಇಬ್ಬರು ಆಡೋ, ಒಬ್ಬನ ಲಾಭ ಇನ್ನೊಬ್ಬನ ನಷ್ಟ ಆಗಿರೋ, ಮಾಡಬಹುದಾದ ಚಲನೆಗಳಿಗೆ ಒಂದು ಮಿತಿ ಇರೋ ಯಾವ ಆಟದಲ್ಲೂ ಇಂಥ ಒಂದು ಭದ್ರವಾದ ಬೆರಕೆ ಇದ್ದೇ ಇರುತ್ತೆ ಅನ್ನೋದನ್ನ ವಾನ್ ನ್ಯೂಮನ್ ಸಾಧಿಸಿ ತೋರಿಸಿದ್ರು. ಎದುರಿನವನ ಮನಸ್ಸು ಓದೋಕೆ ಹೋಗಬೇಡ, ಅವನು ಏನೇ ಮಾಡಿದ್ರೂ ನಿನಗೆ ಎಷ್ಟು ಉಳಿಯುತ್ತೆ ಅಂತ ನೋಡಿಕೋ. ಪೇಪರಿನ ತಿರುಳು ಇಷ್ಟು.

ಚೆಸ್ ಅವರ ಪ್ರಕಾರ ಈ ಅರ್ಥದಲ್ಲಿ ಆಟವೇ ಅಲ್ಲ, ಬರೀ ಲೆಕ್ಕ. ಎಲ್ಲಾ ಕಾಯಿ ಇಬ್ಬರ ಕಣ್ಣೆದುರಿಗೇ ಇರುತ್ತೆ, ಸರಿಯಾದ ನಡೆ ಎಲ್ಲೋ ಇದ್ದೇ ಇದೆ. ಬದುಕು ಹಾಗಿರಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ, ನಮ್ಮ ಕಡೆ ದನದ ವ್ಯಾಪಾರ ನೋಡದೇ ಬೆಳೆದವರು ಕಡಿಮೆ. ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಮಾತಾಡ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಲ್ಲ. ಕೊಳ್ಳೋನಿಗೆ ಎಷ್ಟು ಬೇಕಾಗಿದೆ, ಮಾರೋನಿಗೆ ಎಷ್ಟು ಅವಸರ ಇದೆ, ಎಲ್ಲ ಮುಚ್ಚಿಟ್ಟ ಎಲೆ. ವಾನ್ ನ್ಯೂಮನ್‌ಗೆ ಬೇಕಾಗಿದ್ದ ಆಟ ಅಂಥದ್ದು. ಹಾಗಾಗಿಯೇ ಅವರು ಪೋಕರ್ ಹಿಡಿದಿದ್ದು.

1930ರಲ್ಲಿ ಅಮೆರಿಕಕ್ಕೆ, ಪ್ರಿನ್ಸ್‌ಟನ್‌ಗೆ ಹೋದರು. 1933ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯ ಮೊದಲ ಪ್ರೊಫೆಸರ್‌ಗಳಲ್ಲಿ ಒಬ್ಬರಾದರು, ಐನ್‌ಸ್ಟೈನ್ ಅವರ ಸಹೋದ್ಯೋಗಿ. ಮೊದಲ ಹೆಂಡತಿ ಮಾರಿಯೆಟ್, 1935ರಲ್ಲಿ ಮಗಳು ಮರೀನಾ ಹುಟ್ಟಿದಳು, 1937ರಲ್ಲಿ ವಿಚ್ಛೇದನ. 1938ರಲ್ಲಿ ಕ್ಲಾರಾ ಡಾನ್ ಅವರ ಜೊತೆ ಮದುವೆ. ಪಾರ್ಟಿ ಅಂದ್ರೆ ಇಷ್ಟ, ಗಲಾಟೆ ನಡುವೆ ಕೂತೇ ಕೆಲಸ ಮಾಡ್ತಿದ್ರು, ಕಾರು ಓಡಿಸೋದು ಮಾತ್ರ ಭಯಂಕರ ಕೆಟ್ಟದಾಗಿ.

ಕ್ಲಾರಾ ಬರೆದಿಟ್ಟ ನೆನಪುಗಳಲ್ಲಿ ಒಂದು ಪ್ರಸಂಗ ಇದೆ. ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ವಾನ್ ನ್ಯೂಮನ್ ಒಂದು ದೊಡ್ಡ ಕಾಗದ ಹರಡಿಕೊಂಡು, ರೂಲೆಟ್ ಗೆಲ್ಲೋಕೆ ತನ್ನ ಹತ್ತಿರ ಒಂದು ಸಿಸ್ಟಮ್ ಇದೆ ಅಂತ ವಿವರಿಸ್ತಾ ಕೂತಿದ್ರಂತೆ. ಸ್ವಲ್ಪ ಹೊತ್ತಿಗೆಲ್ಲ ದುಡ್ಡು ಖಾಲಿ. ಅವತ್ತು ಕುಡಿದದ್ದಕ್ಕೆ ದುಡ್ಡು ಕೊಟ್ಟಿದ್ದು ಕ್ಲಾರಾ. ಮಿನಿಮ್ಯಾಕ್ಸ್ ಬರೆದವರಿಗೂ ಕ್ಯಾಸಿನೋದಲ್ಲಿ ಇದೇ ಗತಿ ಅಂದ ಮೇಲೆ ಆ್ಯಪ್ ಇಟ್ಟುಕೊಂಡ ನಮ್ಮ ಕಥೆ ಹೇಳೋದೇ ಬೇಡ.

1938ರಲ್ಲಿ ವಿಯೆನ್ನಾದಿಂದ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅನ್ನೋ ಅರ್ಥಶಾಸ್ತ್ರಜ್ಞ ಪ್ರಿನ್ಸ್‌ಟನ್‌ಗೆ ಬಂದರು. ಇಬ್ಬರೂ ಕೂತು ಬರೆದ ಪುಸ್ತಕ 1944ರಲ್ಲಿ ಹೊರಬಂತು, 'ಥಿಯರಿ ಆಫ್ ಗೇಮ್ಸ್ ಅಂಡ್ ಎಕನಾಮಿಕ್ ಬಿಹೇವಿಯರ್'. 600ಕ್ಕೂ ಹೆಚ್ಚು ಪುಟ. ಲೈಬ್ರರಿ ಪುಸ್ತಕ ಅಂದ್ರೆ ತೂಕ ನೋಡಿ ವಾಪಸ್ ಇಡೋ ಜಾತಿ ನಮ್ಮದು, ಆದ್ರೂ ಪೋಕರ್ ಇರೋ ಅಧ್ಯಾಯ ಮಾತ್ರ ಹುಡುಕಿ ಓದಿದ್ವಿ. ಅರ್ಧ ಅರ್ಥವಾಯ್ತು.

ಅವರು ಪೋಕರನ್ನ ಮೂಳೆ ಮಾತ್ರ ಉಳಿಯೋ ಹಾಗೆ ಸರಳ ಮಾಡಿದ್ರು. ಈಗ ಪಠ್ಯಗಳಲ್ಲಿ ಸಿಗೋ ರೂಪ ಹೀಗಿದೆ. ಇಬ್ಬರು ಆಟಗಾರರು. ಒಬ್ಬೊಬ್ಬರಿಗೂ 0 ಮತ್ತು 1ರ ನಡುವೆ ಒಂದು ರ‍್ಯಾಂಡಮ್ ನಂಬರ್ ಸಿಗುತ್ತೆ, ಅದೇ ಅವರ ಎಲೆ. ದೊಡ್ಡ ನಂಬರ್ ಇದ್ದವನು ಗೆದ್ದ. ಇಬ್ಬರೂ ಮೊದಲೇ ಮಧ್ಯಕ್ಕೆ ಸಮವಾಗಿ ದುಡ್ಡು ಹಾಕಿರ್ತಾರೆ. ಮೊದಲನೆಯವನು ಒಂದು ನಿಗದಿಯಾದ ಮೊತ್ತದ ಬೆಟ್ ಇಡಬಹುದು, ಇಲ್ಲ ಸುಮ್ಮನಿರಬಹುದು. ಸುಮ್ಮನಿದ್ರೆ ಎಲೆ ತೋರಿಸಿ ಮುಗಿಸೋದು. ಬೆಟ್ ಇಟ್ರೆ ಎರಡನೆಯವನು ಅಷ್ಟೇ ದುಡ್ಡು ಹಾಕಿ ಕಾಲ್ ಮಾಡಬೇಕು, ಇಲ್ಲ ಫೋಲ್ಡ್ ಅಂತ ಎಲೆ ಬಿಡಬೇಕು. ಮೂರು ಅಜ್ಞಾತ, ಮೂರು ಸಮೀಕರಣ. ಪಿಯುಸಿ ಗಣಿತ ಸಾಕು. ಪರೀಕ್ಷೆ ಮುಗಿದ ದಿನ ರಾತ್ರಿ ಮೆಸ್ ಟೇಬಲ್ ಮೇಲೆ ಬಿಡಿಸಿದ್ವಿ.

ಮೊದಲ ಆಶ್ಚರ್ಯ ಬ್ಲಫ್ ಮಾಡೋನ ಕಡೆ. ಅವನು ಯಾವ ಎಲೆ ಇಟ್ಟುಕೊಂಡು ಸುಳ್ಳು ಹೇಳಬೇಕು? ಸಾಧಾರಣ ಎಲೆ ಇದ್ದಾಗ ಅಂತ ನಮಗೆ ಅನ್ನಿಸಿತ್ತು. ಲೆಕ್ಕ ಹೇಳೋದು ಬೇರೆ. ಸಾಧಾರಣ ಎಲೆ ಸುಮ್ಮನಿದ್ದು ತೋರಿಸಿದ್ರೂ ಆಗಾಗ ಗೆಲ್ಲುತ್ತೆ, ಅದನ್ನ ಹಾಳು ಮಾಡಿಕೊಳ್ಳಬಾರದು. ಸುಳ್ಳು ಹೇಳಬೇಕಾದ್ದು ಎಲ್ಲಕ್ಕಿಂತ ಕೆಟ್ಟ ಎಲೆ ಇದ್ದಾಗ, ಯಾಕಂದ್ರೆ ಅದಕ್ಕೆ ಗೆಲ್ಲೋ ಬೇರೆ ದಾರಿಯೇ ಇಲ್ಲ. ಅಂದ್ರೆ ಬ್ಲಫ್ ಅನ್ನೋದು ಧೈರ್ಯವಂತರ ಸ್ವಭಾವ ಅಲ್ಲ, ಮುಖದ ಮೇಲೆ ಓದೋ ವಿಷಯವೂ ಅಲ್ಲ, ಸರಿಯಾದ ಆಟದ ಒಂದು ಭಾಗ, ಇಂತಿಷ್ಟು ಪ್ರಮಾಣದಲ್ಲಿ ಇರಲೇಬೇಕಾದ್ದು. ಸಾರಿಗೆ ಉಪ್ಪಿನ ಹಾಗೆ.

ಎರಡನೇ ಆಶ್ಚರ್ಯ ನಮ್ಮ ಜಗಳಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಮೊದಲು ಸಣ್ಣ ಬೆಟ್ ನೋಡೋಣ. ಮಧ್ಯದಲ್ಲಿ 20, ಅವನು ಇಟ್ಟದ್ದೂ 20. ಕಾಲ್ ಮಾಡಿದ್ರೆ ಒಟ್ಟು 60, ಅದರಲ್ಲಿ ನಾವು ಈಗ ಹಾಕೋದು 20. ಮೂರರಲ್ಲಿ ಒಂದು ಸಲ ಗೆದ್ರೆ ಅಸಲು ಬರುತ್ತೆ. ಸರಿಯಾಗಿ ಆಡೋನು ಇಂಥ ಬೆಟ್‌ಗಳಲ್ಲಿ ಮೂರಕ್ಕೆ ಒಂದು ಸುಳ್ಳು ಹೇಳ್ತಾನೆ, ನಾವು ನೂರು ಎಲೆಯಲ್ಲಿ ಮೇಲಿನ ಸುಮಾರು 44 ಎಲೆಗಳಿಗೆ ಕಾಲ್ ಮಾಡಬೇಕು.

ಈಗ ಮಧ್ಯದಲ್ಲಿ ಅದೇ 20, ಬೆಟ್ ಮಾತ್ರ 200. ಕಾಲ್ ಮಾಡಿದ್ರೆ ಒಟ್ಟು 420, ನಾವು ಹಾಕೋದು 200. ಭಾಗಿಸಿದ್ರೆ 0.476. ನೂರಕ್ಕೆ 48 ಸಲ ಗೆಲ್ಲಬೇಕು. ಸರಿಯಾಗಿ ಆಡೋನು ಇಲ್ಲಿ ಎಷ್ಟು ಸುಳ್ಳು ಹೇಳ್ತಾನೆ ಗೊತ್ತಾ? ಹೆಚ್ಚುಕಡಿಮೆ ಎರಡಕ್ಕೆ ಒಂದು. ಹಾಸ್ಟೆಲ್‌ನವರು ಹೇಳಿದ್ದು ಪೂರ್ತಿ ತಪ್ಪಲ್ಲ, ದೊಡ್ಡ ಬೆಟ್‌ನಲ್ಲಿ ಸುಳ್ಳಿನ ಪಾಲು ನಿಜವಾಗಿಯೂ ಜಾಸ್ತಿ. ಆದ್ರೆ ನಾವು ಕಾಲ್ ಮಾಡಬೇಕಾದ್ದು? ನೂರರಲ್ಲಿ ಮೇಲಿನ ಸುಮಾರು 9 ಎಲೆಗೆ ಮಾತ್ರ. ಉಳಿದ 91ಕ್ಕೆ ಫೋಲ್ಡ್.

ನಾವು ಇದನ್ನ ಎರಡು ಸಲ ಲೆಕ್ಕ ಹಾಕಿದ್ವಿ. ಅರ್ಧ ಸಲ ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬಿಡಬೇಕು? ಒಂದು ಸಾಧಾರಣ ಎಲೆ ಇಟ್ಟುಕೊಂಡು ಯೋಚನೆ ಮಾಡಿ, 0.6 ಅಂದುಕೊಳ್ಳಿ. ಅವನು ಸುಳ್ಳು ಹೇಳಿದಾಗ ನಮಗೆ 220 ಲಾಭ, ನಿಜ ಹೇಳಿದಾಗ 200 ನಷ್ಟ, ಎರಡೂ ಹೆಚ್ಚುಕಡಿಮೆ ಅರ್ಧರ್ಧ. ಸರಾಸರಿ ತೆಗೆದ್ರೆ ಸರಿಯಾಗಿ ಸೊನ್ನೆ. ಎಲೆ ಬಿಟ್ಟರೂ ಸೊನ್ನೆ. ಎದುರಿನವನು ಪರಿಪೂರ್ಣವಾಗಿ ಸುಳ್ಳು ಹೇಳಿದ್ರೂ ನಮ್ಮ ಧೈರ್ಯಕ್ಕೆ ಸಿಗೋ ಸಂಬಳ ಸೊನ್ನೆ ರೂಪಾಯಿ, ಜೊತೆಗೆ 200 ರೂಪಾಯಿ ಮೇಲೆ ಕೆಳಗೆ ಓಲಾಡೋ ಹೊಟ್ಟೆ ಕಿವುಚು. ಅವನು ಅದಕ್ಕಿಂತ ಸ್ವಲ್ಪ ಕಡಿಮೆ ಸುಳ್ಳು ಹೇಳಿದ್ರೂ ಸಾಕು, ಕಾಲ್ ಮಾಡಿದ ಸಾಧಾರಣ ಎಲೆ ನಷ್ಟಕ್ಕೆ ಹೋಗುತ್ತೆ. ನಾವು ಸಿಕ್ಕಿದ್ದಕ್ಕೆಲ್ಲ ಕಾಲ್ ಮಾಡ್ತೀವಿ ಅಂತ ಅವನಿಗೆ ಗೊತ್ತಾದ್ರೆ ಸುಳ್ಳು ಹೇಳೋದನ್ನೇ ನಿಲ್ಲಿಸಿ ಒಳ್ಳೇ ಎಲೆ ಬಂದಾಗ ಮಾತ್ರ ತಳ್ತಾನೆ.

ಹಾಗಾದ್ರೆ ಎಲ್ಲವನ್ನೂ ಬಿಡಬಹುದಾ? ಅದೂ ಇಲ್ಲ. ಪ್ರತಿ ಸಲ ಬಿಟ್ಟರೆ ಅವನು ಪ್ರತಿ ಸಲ ಪುಕ್ಕಟೆ 20 ಎತ್ತಿಕೊಂಡು ಹೋಗ್ತಾನೆ. ಆ 9 ಎಲೆ ಕಾವಲು ಇದ್ದ ಹಾಗೆ. ಅಷ್ಟು ಸಲ ನಾವು ಕಾಲ್ ಮಾಡೋದ್ರಿಂದಲೇ ಸುಳ್ಳು ಅವನಿಗೆ ಲಾಭದ ಕೆಲಸ ಆಗಲ್ಲ. ಇನ್ನು ಯಾವ ಎಲೆ ಬಂದ್ರೂ ಆಲ್-ಇನ್ ಹೊಡೆಯೋ ತಿಕ್ಕಲು ಒಬ್ಬ ಇದ್ದಾನೆ, ಹತ್ತಾರು ಸಲ ಅವನ ಎಲೆ ಕಣ್ಣಾರೆ ನೋಡಿದ್ದೀರಿ ಅಂದ್ರೆ ಲೆಕ್ಕ ಬೇರೆ, ಆಗ ಈ ಮಾದರಿಯಲ್ಲಿ 0.48ಕ್ಕಿಂತ ಮೇಲಿರೋ ಎಲ್ಲಾ ಎಲೆಗೂ ಕಾಲ್ ಮಾಡಬಹುದು. ಎರಡು ಸಲ ನೋಡಿ ಅಂಥವನು ಅಂತ ತೀರ್ಮಾನಿಸೋದಲ್ಲ. ಸಣ್ಣ ಟೇಬಲ್‌ಗಳಲ್ಲಿ ಪ್ರೊಫೈಲ್ ಫೋಟೋ ಹುಲಿ, ಹೆಸರು ಕಿಂಗ್ ಅಂತ ಇರೋ ಅಪರಿಚಿತನ ಬಗ್ಗೆ ನಮಗೆ ಇರೋ ಮಾಹಿತಿ ಸಾಮಾನ್ಯವಾಗಿ ಅಷ್ಟೇ, ಹುಲಿ ಮತ್ತು ಕಿಂಗ್.

ಪ್ರಶ್ನೆಯೇ ಬದಲಾಯ್ತು ನೋಡಿ. ಅವನು ಸುಳ್ಳು ಹೇಳ್ತಿದ್ದಾನಾ ಅನ್ನೋದು ಹಾಸ್ಟೆಲ್‌ನ ಪ್ರಶ್ನೆ. ಮಧ್ಯದಲ್ಲಿ ಎಷ್ಟಿದೆ, ಅದಕ್ಕೆ ನಾನು ಎಷ್ಟು ಹಾಕಬೇಕು ಅನ್ನೋದು ವಾನ್ ನ್ಯೂಮನ್ ಪ್ರಶ್ನೆ. 20 ರೂಪಾಯಿ ಬಿಟ್ಟುಕೊಟ್ಟು, ಮೋಸ ಹೋದ ಅನ್ನಿಸಿಕೊಂಡು ಎದ್ದು ಬರೋದೂ ಸರಿಯಾದ ಆಟ ಆಗಿರಬಹುದು, ಆ 20ರಲ್ಲಿ ನಾವು ಹಾಕಿದ್ದೂ ಬರೀ 10. ಎಲ್ಲಾ ಸುಳ್ಳನ್ನೂ ಹಿಡಿಯೋದು ನಮ್ಮ ಕೆಲಸ ಅಲ್ಲ. ಧರ್ಮರಾಯನ ಹತ್ತಿರ ಯಾರಾದ್ರೂ ಈ ಭಾಗಾಕಾರ ಮಾಡಿಸಿದ್ರೆ ಮಹಾಭಾರತ ಸಭಾಪರ್ವಕ್ಕೇ ಮುಗಿದುಹೋಗ್ತಿತ್ತೇನೋ. ನಮ್ಮ ಮನೆಗಳಲ್ಲಿ ಫೀಸು ಕಟ್ಟೋದು ಅಡಿಕೆ, ತೆಂಗು, ಈರುಳ್ಳಿ ದುಡ್ಡಿನಲ್ಲಿ. ರೇಟು ಬಿದ್ದ ವರ್ಷ ಮನೆಯವರು ಫೋನಿನಲ್ಲಿ ಏನೂ ಹೇಳಲ್ಲ, ದನಿಯಲ್ಲೇ ಗೊತ್ತಾಗುತ್ತೆ. ಅಂಥ ತಿಂಗಳಲ್ಲಿ ರೀಚಾರ್ಜ್‌ಗೆ ಇಟ್ಟ 200 ರೂಪಾಯಿ ಒಂದು ಹುಲಿ ಫೋಟೋದ ಮೇಲಿನ ಸಿಟ್ಟಿಗೆ ಹೋಗೋದು ಸಣ್ಣ ವಿಷಯ ಅಲ್ಲ.

ಈ ಗಣಿತ ಎಲ್ಲಿಗೆ ಬಂದು ನಿಂತಿದೆ ಅನ್ನೋದಕ್ಕೆ ಒಂದು ಸುದ್ದಿ. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮಾಡಿದ ಲಿಬ್ರಾಟಸ್ ಅನ್ನೋ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರ ವಿರುದ್ಧ 1,20,000 ಕೈ ಆಡಿ ಗೆದ್ದಿತು. ಅದರ ಆಟದಲ್ಲಿ ಮನುಷ್ಯರನ್ನ ಹೆಚ್ಚು ಕಾಡಿದ್ದು ಇದೇ, ಸಣ್ಣ ಪಾಟ್‌ಗೆ ಇದ್ದಕ್ಕಿದ್ದ ಹಾಗೆ ಅತಿ ದೊಡ್ಡ ಬೆಟ್. ಅವರೂ ನಮ್ಮ ಹಾಸ್ಟೆಲ್‌ನವರ ಹಾಗೇ ತಲೆ ಕೆರೆದುಕೊಂಡಿರಬೇಕು. ಎದುರಿಗೆ ಇದ್ದದ್ದು ಮುಖ ಇಲ್ಲದ, ಸಿಟ್ಟೂ ಇಲ್ಲದ ಒಂದು ಯಂತ್ರ.

ಆ ಯಂತ್ರದ ಕಥೆಗೂ ಇವರೇ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾನ್ ನ್ಯೂಮನ್ ಲಾಸ್ ಅಲಮಾಸ್‌ಗೆ ಬಂದು ಹೋಗ್ತಿದ್ರು, ಅಣುಬಾಂಬ್ ಕೆಲಸಕ್ಕೆ. ಪ್ಲುಟೋನಿಯಂ ಗೋಳವನ್ನ ಸುತ್ತಲಿಂದ ಸಮವಾಗಿ ಒತ್ತಿ ಕುಗ್ಗಿಸೋ ಸ್ಫೋಟಕದ ವಿನ್ಯಾಸದಲ್ಲಿ ಅವರ ಲೆಕ್ಕ ಇತ್ತು. ಯಾವ ಊರಿನ ಮೇಲೆ ಬಾಂಬ್ ಹಾಕಬೇಕು ಅಂತ ಆರಿಸೋ ಸಮಿತಿಯಲ್ಲೂ ಕೂತಿದ್ರು. ಇದನ್ನ ಒಂದೇ ಸಾಲಿನಲ್ಲಿ ದಾಟಿ ಹೋಗೋದು ಕಷ್ಟ, ಆದ್ರೆ ಜೀನಿಯಸ್ ಪಟ್ಟಿ ಮಾಡೋವಾಗ ನಾವೆಲ್ಲ ಹಾಗೇ ದಾಟಿ ಹೋಗ್ತೀವಿ.

ಅಲ್ಲಿ ವಾರಕ್ಕೊಂದು ಸಲ ಪೋಕರ್ ನಡೀತಿತ್ತು, ಸಣ್ಣ ದುಡ್ಡಿಗೆ. ಗಣಿತಜ್ಞ ಸ್ಟಾನಿಸ್ಲಾವ್ ಉಲಂ ತಮ್ಮ ಆತ್ಮಕಥೆಯಲ್ಲಿ ಇದನ್ನ ಬರೆದಿದ್ದಾರೆ. ಊರಲ್ಲಿದ್ದಾಗ ವಾನ್ ನ್ಯೂಮನ್ ಕೂಡ ಕೂರ್ತಿದ್ರು. ಒಂದು ಸಲ ನಿಕೋಲಾಸ್ ಮೆಟ್ರೊಪೊಲಿಸ್ ಅವರಿಂದ ಹತ್ತು ಡಾಲರ್ ಗೆದ್ದರಂತೆ. ಐದು ಡಾಲರ್ ಕೊಟ್ಟು ವಾನ್ ನ್ಯೂಮನ್‌ರ ಗೇಮ್ ಥಿಯರಿ ಪುಸ್ತಕವನ್ನೇ ಕೊಂಡು, ಉಳಿದ ಐದನ್ನ ಅದರ ರಟ್ಟಿನ ಒಳಗೆ ಅಂಟಿಸಿ ಇಟ್ಟುಕೊಂಡರಂತೆ, ಗೆಲುವಿನ ಗುರುತಿಗೆ. ನಮಗೆ ಈ ಕಥೆ ತುಂಬಾ ಇಷ್ಟ. ಮಿನಿಮ್ಯಾಕ್ಸ್ ಸರಾಸರಿಯ ಮಾತು ಹೇಳುತ್ತೆ. ಒಂದು ರಾತ್ರಿ ಸರಾಸರಿ ಅಲ್ಲ.

1944ರ ಬೇಸಿಗೆಯಲ್ಲಿ ಅಬರ್ಡೀನ್ ಅನ್ನೋ ರೈಲ್ವೆ ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅನ್ನೋ ಸೇನಾಧಿಕಾರಿ ಇವರನ್ನ ಗುರುತಿಸಿ ಮಾತಾಡಿಸಿದ್ರು. ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಅಂತ ಒಂದು ಎಲೆಕ್ಟ್ರಾನಿಕ್ ಕಂಪ್ಯೂಟರ್ ಕಟ್ತಿದ್ದೀವಿ ಅಂತ ಬಾಯಿಬಿಟ್ಟರು. ಮಾತು ಅಲ್ಲಿಂದ ಬೇರೆ ಹಳಿಗೆ ಹೋಯ್ತು. ನಮಗೆ ಬೀರೂರು ಜಂಕ್ಷನ್ ನೆನಪಾಗುತ್ತೆ, ಅಲ್ಲೇ ಒಂದು ಹಳಿ ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ ಹೊರಳೋದು. 1945ರ ಜೂನ್‌ನಲ್ಲಿ ವಾನ್ ನ್ಯೂಮನ್ ಹೆಸರಿನಲ್ಲಿ ಎಡ್ವಾಕ್ ಅನ್ನೋ ಮುಂದಿನ ಯಂತ್ರದ ಕರಡು ವರದಿ ಹೊರಬಂತು. ಡೇಟಾ ಇರೋ ಮೆಮೊರಿಯಲ್ಲೇ ಪ್ರೋಗ್ರಾಂ ಕೂಡ ಇರಬೇಕು ಅನ್ನೋ ನಮ್ಮ ಐದು ಮಾರ್ಕ್ಸಿನ ಉತ್ತರ ಅಲ್ಲಿದೆ. ಯಂತ್ರ ಕಟ್ತಿದ್ದ ಎಕರ್ಟ್ ಮತ್ತು ಮಾಕ್ಲಿ ಹೆಸರು ವರದಿಯ ಮೇಲೆ ಇರಲಿಲ್ಲ. ಅವರಿಬ್ಬರೂ ಇದನ್ನ ಕೊನೆಯವರೆಗೂ ಮರೀಲಿಲ್ಲ. ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗಾದ್ರೂ ಈ ನೋವು ಅರ್ಥವಾಗುತ್ತೆ, ಮತ್ತು ಈ ವಿಷಯದಲ್ಲಿ ನಮ್ಮ ಓಟು ಅವರಿಬ್ಬರಿಗೇ.

1946ರಲ್ಲಿ ಉಲಂ ಕಾಯಿಲೆಯಿಂದ ಚೇತರಿಸಿಕೊಳ್ತಾ ಒಬ್ಬರೇ ಸಾಲಿಟೇರ್ ಆಡ್ತಿದ್ದಾಗ, ಈ ಆಟ ಗೆಲ್ಲೋ ಸಂಭವ ಎಷ್ಟು ಅಂತ ಸೂತ್ರದಿಂದ ಕಂಡುಹಿಡಿಯೋ ಬದಲು ನೂರು ಸಲ ಆಡಿ ಎಣಿಸಿದ್ರೆ ಆಗಲ್ವಾ ಅಂತ ಹೊಳೀತು. ವಾನ್ ನ್ಯೂಮನ್ ಅದನ್ನ ಕಂಪ್ಯೂಟರ್‌ಗೆ ಹೊಂದಿಸಿದ್ರು, ಮೆಟ್ರೊಪೊಲಿಸ್ ಮಾಂಟೆ ಕಾರ್ಲೋ ಅಂತ ಹೆಸರಿಟ್ಟರು, ಕ್ಲಾರಾ 1948ರಲ್ಲಿ ಎನಿಯಾಕ್ ಮೇಲೆ ಅದರ ಕೋಡ್ ಬರೆದರು. ರೂಲೆಟ್‌ನಲ್ಲಿ ಸೋತ ಊರಿನ ಹೆಸರು ಗಂಡ ಹೆಂಡತಿ ಇಬ್ಬರ ಕೆಲಸಕ್ಕೂ ಅಂಟಿಕೊಂಡಿತು.

1949ರಲ್ಲಿ ಸೋವಿಯತ್ ಒಕ್ಕೂಟವೂ ಅಣುಬಾಂಬ್ ಪರೀಕ್ಷೆ ಮಾಡಿತು. ಆ ಹೊತ್ತಿನಲ್ಲಿ ವಾನ್ ನ್ಯೂಮನ್ ನಿಲುವು, ಅವರು ಬಲಿಯೋ ಮೊದಲೇ ನಾವು ದಾಳಿ ಮಾಡಬೇಕು ಅನ್ನೋದಾಗಿತ್ತು. ಇದು ನಮ್ಮನ್ನ ಬಹಳ ಕಾಡಿದ ವಿಷಯ. ಮಧ್ಯದಲ್ಲಿ ಇರೋದು ಎಷ್ಟು, ಇಡ್ತಿರೋದು ಎಷ್ಟು ಅಂತ ನೋಡೋಕೆ ಜಗತ್ತಿಗೆ ಕಲಿಸಿದವರು, ಊರೂರುಗಳನ್ನೇ ಆಲ್-ಇನ್ ಇಡೋ ಮಾತಾಡಿದ್ರು. ಅವರ ಪರವಾಗಿ ಹೇಳೋರೂ ಇದ್ದಾರೆ, ಹಂಗೇರಿಯಲ್ಲಿ 1919ರ ಕಮ್ಯುನಿಸ್ಟ್ ಆಡಳಿತದ ಕಾಲಕ್ಕೆ ಮನೆಯವರ ಜೊತೆ ಊರು ಬಿಟ್ಟ ಹುಡುಗ, ಹಿಟ್ಲರ್ ಬಂದ ಯುರೋಪ್ ಬಿಟ್ಟ ಯಹೂದಿ, ಆ ಭಯ ಸುಮ್ಮನೆ ಬಂದದ್ದಲ್ಲ ಅಂತ. ಇರಬಹುದು. ಇಬ್ಬರು ಆಡೋ, ಒಬ್ಬನ ಲಾಭ ಇನ್ನೊಬ್ಬನ ನಷ್ಟ ಆಗಿರೋ ಆಟದ ಪ್ರಮೇಯ ಇಬ್ಬರೂ ಸಾಯೋ ಆಟಕ್ಕೆ ಹೊಂದಲ್ಲ ಅಂತ ನಮ್ಮಂಥ ಸೆಕೆಂಡ್ ಇಯರ್‌ನವರಿಗೂ ಕಾಣುತ್ತೆ. ಅವರಿಗೆ ಕಾಣದೇ ಇರೋಕೆ ಸಾಧ್ಯವೇ ಇಲ್ಲ. ಯಾಕೆ ಹಾಗೆ ಹೇಳಿದ್ರು ಅನ್ನೋದರಲ್ಲಿ ನಾವು ಮೂವರೂ ಇನ್ನೂ ಒಂದು ಮಾತಿಗೆ ಬಂದಿಲ್ಲ.

1955ರಲ್ಲಿ ಅವರು ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾದರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯ್ತು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಮೆಡಲ್ ಆಫ್ ಫ್ರೀಡಂ ಕೊಟ್ಟಾಗ ಅವರು ವ್ಹೀಲ್‌ಚೇರ್‌ನಲ್ಲಿದ್ದರು. ಸಾವಿಗೆ ಬಹಳ ಹೆದರಿದ್ರು ಅಂತ ಹತ್ತಿರದವರೆಲ್ಲ ಬರೆದಿದ್ದಾರೆ. ಕಾಯಿಲೆ ಮಿದುಳಿಗೂ ಏರಿತು. ಮಗಳು ಮರೀನಾ ಆಸ್ಪತ್ರೆಗೆ ಹೋದಾಗ, ಏಳು ಕೂಡಿಸು ನಾಲ್ಕು ಅನ್ನೋ ಥರದ ಸಣ್ಣ ಲೆಕ್ಕ ಕೊಟ್ಟು ತನ್ನನ್ನ ಪರೀಕ್ಷೆ ಮಾಡು ಅಂತ ಕೇಳ್ತಿದ್ರಂತೆ. ಕೆಲವು ನಿಮಿಷ ಕೇಳಿ, ತಡೆಯೋಕಾಗದೇ ಅವರು ಎದ್ದು ಹೊರಗೆ ಬರ್ತಿದ್ರು.

1957ರ ಫೆಬ್ರವರಿ 8ರಂದು ವಾಷಿಂಗ್ಟನ್‌ನ ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ತೀರಿಕೊಂಡರು. 53 ವರ್ಷ. ಯೇಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಡೋಕೆ ಅಂತ ಬರೀತಿದ್ದ ಹಸ್ತಪ್ರತಿ ಅರ್ಧಕ್ಕೇ ನಿಂತಿತ್ತು, ಕಂಪ್ಯೂಟರ್ ಮತ್ತು ಮಿದುಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಬರಹ. ಅರ್ಧ ಇದ್ದ ಹಾಗೇ 1958ರಲ್ಲಿ ಅದು ಪುಸ್ತಕವಾಗಿ ಬಂತು. ಮುನ್ನುಡಿ ಬರೆದವರು ಕ್ಲಾರಾ.